ಬಲಗಿವಿಯ ಕಡೆ ಕೂತವರು

ನನ್ನ ತಂಗಿ ಕೇಳಿದ ಒಂದು ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ನಮ್ಮ ಸೀಮೆಯಲ್ಲಿ ಆ ಉತ್ತರ ನನ್ನಷ್ಟು ಚೆನ್ನಾಗಿ ಗೊತ್ತಿದ್ದವರು ಬಹಳ ಜನ ಇರಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡೆ. ಅದರಿಂದ ಅವಳ ಬಾಳಿನ ಕೆಲವು ಒಳ್ಳೆಯ ವರ್ಷಗಳು ಹಾಳಾದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಹೇಳುವ ಗೆದ್ದ ಕಥೆಗಳನ್ನೆಲ್ಲ ಓದಿ ನೀವು ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳುತ್ತೀರಿ.

ನಾನು ಭೂಪಾಲ, ಸದಲಗಾದವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹಾಲಿನ ಟೆಂಪೋ ಹತ್ತಿದೆ. ಆಮೇಲೆ ನಿಪ್ಪಾಣಿ ಕಡೆಯ ಒಂದು ಶಿಶುಗೃಹದಲ್ಲಿ ಚಾಲಕನಾಗಿ ಸೇರಿ, ಕೂದಲು ಬೆಳ್ಳಗಾಗುವವರೆಗೆ ಅಲ್ಲೇ ಇದ್ದೆ. ಯಾರೂ ಇಲ್ಲದ ಮಕ್ಕಳನ್ನು ಸಾಕಿ, ಕಾನೂನಿನ ಪ್ರಕಾರ ದತ್ತು ಕೊಡುವ ಮನೆ ಅದು. ಈಗ ಅಂಥ ಮನೆಗಳಿಗೆ ಹೊಸದಾಗಿ ಸೇರಿದವರು ಸಿಕ್ಕಾಗ ಕೇಳುತ್ತಾರೆ: "ಕಾಕಾ, ಡ್ರೈವರ್ ಕೆಲಸದಾಗ ಅಂಥಾದ್ದೇನ ಇರ್ತೈತ್ರಿ? ಸ್ಟೇರಿಂಗ್ ತಿರುವೂದು, ಅಷ್ಟ ಅಲ್ಲೇನ್ರಿ?" ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಸ್ಟೇರಿಂಗ್ ಹೇಗೆ ತಿರುಗಿಸಬೇಕು ಅನ್ನುವುದನ್ನೂ ನಾನು ಅಲ್ಲಿಯೇ ಮೊದಲಿನಿಂದ ಕಲಿಯಬೇಕಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾಯಬಾಗದ ದವಾಖಾನೆಯಿಂದ ಒಂದು ಎಳೆಗೂಸನ್ನು ತರಬೇಕಿತ್ತು. ನಮ್ಮ ಮೇಲ್ವಿಚಾರಕಿ ಸುಶೀಲಾಬಾಯಿ ಜೊತೆಗಿದ್ದರು. ಎಲ್ಲರೂ ಅವರನ್ನು ಬಾಯಾರು ಅನ್ನುತ್ತಿದ್ದರು. ನಾನು ಎಲ್ಲರಿಗಿಂತ ಮೊದಲು ಡೇರಿ ಮುಟ್ಟುತ್ತಿದ್ದ ಟೆಂಪೋದವನು. ಕೂಸು ಅಳುತ್ತಿದೆ ಅಂತ ಇನ್ನಷ್ಟು ಜೋರು ಮಾಡಿ, ಹಾರ್ನ್ ಮೇಲಿಂದ ಕೈ ತೆಗೆಯದೆ ಓಡಿಸಿದೆ.

"ಭೂಪಾಲ, ಗಾಡಿ ನಿಲ್ಲಸು," ಅಂದರು ಬಾಯಾರು.

"ಯಾಕ್ರೀ ಬಾಯಾರ?"

"ಹಿಂದ ಹಾಲಿನ ಕ್ಯಾನ್ ಇಲ್ಲೋ ಮಾರಾಯಾ, ಕೂಸು ಐತಿ. ಹಾಲು ಕುಲುಕಿದ್ರ ಬೆಣ್ಣೀನರ ಬರ್ತೈತಿ. ಕೂಸಿನ್ನ ಕುಲುಕಿದ್ರ ಏನ್ ಬರ್ತೈತಿ, ಹೇಳ ನೋಡೂಣು?"

ಅವತ್ತಿನಿಂದ ನಮ್ಮ ಗಾಡಿಯಲ್ಲಿ ಹಾರ್ನ್ ಅನ್ನುವುದು ಎತ್ತು ಎಮ್ಮೆ ಅಡ್ಡ ಬಂದಾಗ ಮಾತ್ರ. ಅಥಣಿಯಿಂದ, ಚಿಕ್ಕೋಡಿಯಿಂದ, ಎಲ್ಲಿಂದ ಕೂಸು ತಂದರೂ ಅದು ನಿದ್ದೆಯಲ್ಲೇ ನಮ್ಮ ಮನೆ ಸೇರಬೇಕು ಅನ್ನುವುದು ನನ್ನ ಪಣವಾಯಿತು. ಬಹಳ ಸಲ ಗೆದ್ದಿದ್ದೇನೆ.

ಸೋತದ್ದೂ ಇದೆ. ಪುಣೆಯ ಕಡೆಯ ಒಂದು ದಂಪತಿಗೆ ಮೂರು ವರ್ಷದ ಹುಡುಗಿಯೊಬ್ಬಳನ್ನು ಕೊಟ್ಟಿದ್ದರು. ಅವರನ್ನು ಊರು ಮುಟ್ಟಿಸಲು ನಾನು ಹೊರಟಿದ್ದೆ. ಹುಡುಗಿಯ ಕೈಯಲ್ಲಿ ಹಳೇ ಕೌದಿಯ ಒಂದು ಚಿಂದಿ. ಹಾಲು, ಉಚ್ಚೆ, ಜೊಲ್ಲು ಎಲ್ಲ ಸೇರಿ ನಾರುತ್ತಿತ್ತು. ಹೊಸ ಅಪ್ಪ ಅವ್ವ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದಿದ್ದರು, ಮಗುವಿಗೆ ಜರಿಯ ಫ್ರಾಕು ಹಾಕಿದ್ದರು. ನನಗೆ ನಾಚಿಕೆಯಾಯಿತು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹುಡುಗಿ ತೂಕಡಿಸುತ್ತಿದ್ದಳು. ಆ ಚಿಂದಿಯನ್ನು ಮೆಲ್ಲಗೆ ಎಳೆದು ಅಂಗಡಿಯ ಹಿಂದೆ ಎಸೆದುಬಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅಂತ ಬೀಗಿದೆ ಕೂಡ.

ಕೊಲ್ಹಾಪುರ ದಾಟುವುದರೊಳಗೆ ಅವಳಿಗೆ ಎಚ್ಚರವಾಯಿತು. ಆಮೇಲೆ ಅವಳು ಅತ್ತ ಅಳುವಿಗೆ ಗಾಡಿಯ ಗಾಜು ಒಡೆಯಲಿಲ್ಲವಲ್ಲ ಅನ್ನುವುದೇ ಆಶ್ಚರ್ಯ. ಬಿಸ್ಕತ್ತು, ಬೊಂಬೆ, ಹೊಸ ಅವ್ವನ ತೊಡೆ, ಯಾವುದೂ ಬೇಡ. ಕೊನೆಗೆ ತಪ್ಪು ಒಪ್ಪಿಕೊಂಡು ಗಾಡಿ ತಿರುಗಿಸಿದೆ. ಚಹಾದಂಗಡಿಯವನು ಆ ಚಿಂದಿಯನ್ನು ಕಿಟ್ಲಿ ಹಿಡಿಯುವುದಕ್ಕೆ ಬಳಸುತ್ತಿದ್ದ!

"ಕೊಡೋ ಮಾರಾಯಾ, ಕೂಸಿಂದದು," ಅಂದೆ.

"ಒಗದಾವ್ರೂ ನೀವ, ಕೇಳಾವ್ರೂ ನೀವ. ಗಿರಾಕಿ ಹಿಂಗಿದ್ರ ಅಂಗಡಿ ನಡದಂಗ," ಅಂತ ನಕ್ಕು ಕೊಟ್ಟ. ಹುಡುಗಿ ಅದನ್ನು ಮೂಗಿಗೆ ಒತ್ತಿಕೊಂಡಳು, ಚಹಾದ ವಾಸನೆಗೆ ಒಂದು ಸಲ ಮುಖ ಕಿವುಚಿದಳು, ನಿದ್ದೆ ಹೋದಳು.

ವಾಪಸ್ ಬಂದು ಹೇಳಿದಾಗ ಬಾಯಾರು ಬಹಳ ಬೈಯಲಿಲ್ಲ. "ಮೂಗು ನಿಂದೋ ಭೂಪಾಲ, ಆದ್ರ ವಾಸನಿ ಅಕಿದು," ಅಂದರು. ಅಷ್ಟೇ.

ಇನ್ನು ಪರದೇಶದ ದತ್ತು. ಹೊಸಬರಿಗೆ ಇದು ತಿಳಿದಿರಬೇಕು. ಹೊರದೇಶದಲ್ಲಿ ಇರುವವರು, ಅವರು ನಮ್ಮವರೇ ಆಗಿದ್ದರೂ, ನೆಟ್ಟಗೆ ನಮ್ಮ ಬಾಗಿಲಿಗೆ ಬಂದು ಕೂಸು ಕೇಳುವಂತಿಲ್ಲ. ಅವರಿರುವ ದೇಶದಲ್ಲೇ, ದಿಲ್ಲಿಯಿಂದ ಒಪ್ಪಿಗೆ ಪಡೆದ ದತ್ತು ಸಂಸ್ಥೆಯೊಂದನ್ನು ಹಿಡಿಯಬೇಕು. ಆ ಸಂಸ್ಥೆ ಅವರ ಮನೆಮಾರು ನೋಡಿ, ಮನಸ್ಸು ನೋಡಿ, ತಯಾರಿ ಮಾಡಿಸಿ, ಕಾಗದಪತ್ರ ಕಳಿಸುತ್ತದೆ. ಕೂಸು ಹೋದ ಮೇಲೂ ಹೇಗಿದೆ ಅಂತ ನೋಡಿ ವರದಿ ಮಾಡುತ್ತದೆ. ಕೂಸಿಗೂ ಆ ಮನೆಗೂ ನಡುವಿನ ಸೇತುವೆ ಅದೇ. ನಾನು ನಿಲ್ಲುತ್ತಿದ್ದದ್ದು ಆ ಸೇತುವೆಯ ಈಚೆ ದಡದಲ್ಲಿ. ಇಳಿದು ಬರುವವರ ಮುಖ ನೋಡಿದರೆ ಸೇತುವೆ ಗಟ್ಟಿಯೋ ಪೊಳ್ಳೋ ತಿಳಿಯುತ್ತಿತ್ತು.

ಹಾಗೆ ತಿಳಿಸಿಕೊಟ್ಟವನು ಬಸು.

ಬಸು ಕಾಗವಾಡದ ಬಸ್ ನಿಲ್ದಾಣದಲ್ಲಿ ಸಿಕ್ಕವನು. ಬಹಳ ಹುಡುಕಿದರೂ ಅವನ ಕಡೆಯವರು ಯಾರೂ ಸಿಗಲಿಲ್ಲ. ನಮ್ಮಲ್ಲಿ ಬೆಳೆದು ಐದು ವರ್ಷದವನಾದ. ಎಡಗಿವಿ ಒಂದಿಷ್ಟೂ ಕೇಳುತ್ತಿರಲಿಲ್ಲ, ಬಲಗಿವಿ ಚೆನ್ನಾಗಿತ್ತು. ನಮ್ಮ ದೇಶದ ಮನೆಗಳು ಯಾವುವೂ ಅವನನ್ನು ಒಪ್ಪದೇ ಇದ್ದಾಗ ಕೆನಡಾದ ಒಂದು ದಂಪತಿಗೆ ಅವನನ್ನು ಕೊಡುವುದು ಅಂತ ನಿಶ್ಚಯವಾಯಿತು. ಅವರ ಸಂಸ್ಥೆ ಬಹಳ ಚುರುಕಿನದು. ದಿನ ಬಿಟ್ಟು ದಿನ ಫೋನು, ಬೇಗ ಮಾಡಿ, ಬೇಗ ಕಳಿಸಿ ಅಂತ. ನಮ್ಮ ಆಯಾಗಳು ಅವರಿಗೆ ಗಡಿಬಿಡಿಯವರು ಅಂತಲೇ ಹೆಸರಿಟ್ಟಿದ್ದರು.

ಅವರು ಬರುವ ಹಿಂದಿನ ದಿನ ಬಸುವಿಗೆ ನಾನೇ ಹೇಳಿದ್ದೆ: "ನಾಳಿ ನಿನ್ನ ಗಾಡ್ಯಾಗ ಕುಂಡ್ರಿಸಿ ದೂರ ಕರ್ಕೊಂಡ ಹೋಗ್ತೀನಿ."

ದಂಪತಿ ಬಂದರು. ಒಳ್ಳೆಯ ಜನ, ಕಣ್ತುಂಬ ಆಸೆ. ಬಸುವಿಗೆ ಕೆಂಪು ಬೂಟು ತಂದಿದ್ದರು. ಆ ಗಂಡಸು ಅಂಗಳದಲ್ಲಿ ಅವನ ಎಡಗಡೆ ನಿಂತು ಬಸು, ಬಸು ಅಂತ ಕರೆದ. ಹುಡುಗ ತಿರುಗಲಿಲ್ಲ. ಮತ್ತೆ ಕರೆದ. ಹೆಂಗಸು ಗಂಡನ ಮುಖ ನೋಡಿದಳು. ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆಮೇಲೆ ಆಫೀಸಿನೊಳಗೆ ನಡೆದ ಮಾತು ಹೊರಗೆ ನಿಂತೇ ತಿಳಿಯಿತು. ನಮ್ಮ ಮನೆಯಿಂದ ಡಾಕ್ಟರ ವರದಿ ಹೋಗಿತ್ತು. ಗಡಿಬಿಡಿಯವರು ಅದನ್ನು ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಸಣ್ಣ ತೊಂದರೆ, ಅಲ್ಲಿಗೆ ಹೋದ ಮೇಲೆ ಸರಿಯಾಗುತ್ತದೆ ಅಂದಿದ್ದರಂತೆ. ಆ ಹೆಂಗಸು ಅಳುತ್ತಲೇ ಹೊರಗೆ ಬಂದಳು. ಬೂಟು ಬಿಟ್ಟು ಹೋದರು.

ಬಸು ಬೂಟು ಹಾಕಿಕೊಂಡು ಗಾಡಿಯ ಬಾಗಿಲ ಹತ್ತಿರ ಬಂದು ನಿಂತ. "ಕಾಕಾ, ಯಾವಾಗ ಬಿಡ್ತೀರಿ?"

"ಪೆಟ್ರೋಲ್ ಇಲ್ಲೋ ಬಸು."

"ನಾಳಿಗಿ ಹಾಕಸ್ತೀರಿ?"

ಆಯಾಗಳು ಆ ದಂಪತಿಯನ್ನು ಶಪಿಸಿದರು. ಬಾಯಾರು ಎಲ್ಲರನ್ನೂ ಗದರಿದರು. "ಅವರನ್ನ್ಯಾಕ ಬೈತೀರಿ? ಅವರೂ ಮೋಸ ಹೋಗ್ಯಾರ. ಬೈಯೂದಿದ್ರ ಕಳಿಸಿದವರನ್ನ ಬೈರಿ."

ಮಾರನೇ ವರ್ಷ ಬೇರೊಂದು ದಂಪತಿ ಬಸುವನ್ನು ಕೇಳಿದರು. ಅದೇ ದೇಶ, ಸಂಸ್ಥೆ ಬೇರೆ. ಈ ಸಂಸ್ಥೆಯವರದು ನಿಧಾನ. ಪ್ರಶ್ನೆ ಮೇಲೆ ಪ್ರಶ್ನೆ ಬರುತ್ತಿತ್ತು. ಹುಡುಗ ಯಾವ ಮಗ್ಗುಲಾಗಿ ಮಲಗುತ್ತಾನೆ? ಹಿಂದಿನಿಂದ ಮುಟ್ಟಿದರೆ ಬೆಚ್ಚುತ್ತಾನೆಯೇ? ಸಿಟ್ಟು ಬಂದರೆ ಏನು ಮಾಡುತ್ತಾನೆ? ಆಫೀಸಿನ ಗುಮಾಸ್ತರು ಬೇಸತ್ತು, "ಹುಡುಗನ್ನ ಒಯ್ತಾರೋ ಪರೀಕ್ಷಾ ತಗೋತಾರೋ?" ಅಂದರು. ಬಾಯಾರು ಮಾತ್ರ ಖುಷಿಯಿಂದ ಅಡುಗೆಯವಳನ್ನೂ ನನ್ನನ್ನೂ ಕರೆದು ಕೇಳಿದರು.

"ಭೂಪಾಲ, ಇಂವ ಗಾಡ್ಯಾಗ ಎಲ್ಲಿ ಕುಂಡ್ರತಾನ?"

"ಎಡಗಡಿ ಕಿಡಕಿ ಹಂತೇಕ್ರಿ. ಅಲ್ಲಿ ಕುಂತ್ರ ನಾವು ಮಾತಾಡೂದೆಲ್ಲಾ ಬಲಗಿವಿಗೆ ಕೇಳ್ತೈತಿ."

ಬಾಯಾರು ಅದನ್ನೂ ಬರೆಸಿ ಕಳಿಸಿದರು.

ಅವರು ಬಂದ ದಿನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬಸು ಅಂಗಳದಲ್ಲಿ ಕೂತು ಮಣ್ಣಿನಲ್ಲಿ ಗಾಡಿ ಓಡಿಸುತ್ತಿದ್ದ. ಆ ಹೆಂಗಸು ಗೇಟಿನಿಂದ ನೇರ ಬಂದಿದ್ದರೆ ಅವನ ಎಡಕ್ಕೆ ಬರುತ್ತಿದ್ದಳು. ಹಾಗೆ ಬರಲಿಲ್ಲ. ದೂರದಿಂದಲೇ ನೋಡಿ, ಇಡೀ ಅಂಗಳ ಸುತ್ತು ಹಾಕಿ, ಅವನ ಬಲಗಡೆ ಹೋಗಿ ನೆಲದ ಮೇಲೆ ಕೂತಳು. ಗಂಡನೂ ಅವಳ ಪಕ್ಕ ಕೂತ. ಆಮೇಲೆ ಮೆಲ್ಲಗೆ, ಮುರಿದ ಕನ್ನಡದಲ್ಲಿ, "ಬಸು, ನೀರು ಬೇಕಾ?" ಅಂದಳು.

ಬಾಯಾರು ನನ್ನ ಪಕ್ಕದಲ್ಲೇ ನಿಂತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡರು.

ಬಸು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಬ್ಯಾಡ. ಗಾಡ್ಯಾಗ ಹೋಗೂಣು," ಅಂದ. ಇಡೀ ಮನೆ ನಕ್ಕಿತು. ಕಾಗದದ ಕೆಲಸ ಮುಗಿದ ದಿನ ಪೆಟ್ರೋಲ್ ಟಾಕಿ ತುಂಬಿಸಿ ತಂದು ನಿಲ್ಲಿಸಿದೆ. ದಾರಿಯಲ್ಲಿ ಹುಡುಗ "ಒಂದಕ್ಕ" ಅಂದ. ಹಿಂದಿನಿಂದ ಆ ಹೆಂಗಸು ನನ್ನ ಹೆಗಲು ಬಡಿದು, "ಒಂದಕ್ಕ! ಒಂದಕ್ಕ!" ಅಂತ ಪೈಪೋಟಿಯಲ್ಲಿ ಗೆದ್ದವಳ ಹಾಗೆ ಕೂಗಿದಳು. ಅವರ ಸಂಸ್ಥೆಯವರು ಯಾರೋ ನಮ್ಮ ಕಡೆಯ ಕನ್ನಡದವರನ್ನು ಅಲ್ಲಿ ಹುಡುಕಿ, ಹಸಿವು, ನೀರು, ಅಂಜಿಕೆ, ಸಾಕು, ಒಂದಕ್ಕ, ಎರಡಕ್ಕ ಎಲ್ಲ ಬಾಯಿಪಾಠ ಮಾಡಿಸಿದ್ದರು. ಆರು ವರ್ಷದ ಮಗುವಿಗೆ ಅಪ್ಪ ಅವ್ವ ಅಂದರೆ ಮೊದಲ ವಾರ ಅದೇ: ಒಂದಕ್ಕ ಬಂದಾಗ ತಿಳಿಯುವವರು. ಅಲ್ಲಿಂದ ಮುಂದೆ ಯಾವ ದಂಪತಿ ನನ್ನ ಗಾಡಿ ಹತ್ತಿದರೂ, ಅವರಿಗೆ ಆ ಮಾತುಗಳು ಬಾರದಿದ್ದರೆ ನಾನೇ ಕತ್ತು ಹಿಂದೆ ತಿರುಗಿಸಿ ಹೇಳಿಕೊಡುತ್ತಿದ್ದೆ. ಕತ್ತು ತಿರುಗಿಸುವುದು ಚಟವೇ ಆಗಿಹೋಯಿತು.

ಇಷ್ಟು ನನಗೆ ಗೊತ್ತಿತ್ತು. ಇದಾದ ಮೇಲೆ ತಂಗಿ ಪದ್ಮಾಳ ಫೋನು ಬಂತು.

ಪದ್ಮಾ ನನಗಿಂತ ಬಹಳ ಚಿಕ್ಕವಳು. ನರ್ಸಿಂಗ್ ಕಲಿತು ಕೆನಡಾಕ್ಕೆ ಹೋದಳು. ಗಂಡ ಅಜಿತ, ಅಥಣಿ ಕಡೆಯವನು, ಅಲ್ಲಿ ಒಂದು ಬೇಕರಿಯಲ್ಲಿ ಕೆಲಸ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ಏನೇ ಮಾಡುವುದಿದ್ದರೂ ನನ್ನನ್ನು ಕೇಳುತ್ತಿದ್ದಳು. ಅವತ್ತು ನಾನು ಗಾಡಿ ತೊಳೆಯುತ್ತಿದ್ದೆ.

"ಅಣ್ಣಾ, ನಾವು ದತ್ತಕ ತಗೋಬೇಕಂತ ಮಾಡೀವಿ. ಇಲ್ಲಿ ನಮ್ಮ ಕಡೆ ಎರಡ ಸಂಸ್ಥಾ ಅದಾವ." ಎರಡರ ಹೆಸರನ್ನೂ ಹೇಳಿದಳು. ಒಂದು ಗಡಿಬಿಡಿಯವರದು. ಇನ್ನೊಂದು ಬಸುವಿನ ಬಲಗಡೆ ಕೂತವರನ್ನು ಕಳಿಸಿದವರದು. "ಒಂದರವ್ರು ಲಗೂ ಆಗ್ತೈತಿ ಅಂತಾರ. ಇನ್ನೊಂದರವ್ರು ಬರೇ ಪ್ರಶ್ನೆ ಕೇಳ್ತಾರ, ತಲಿ ಕೆಡಸ್ತಾರ. ಎರಡೂ ಕಡಿಯಿಂದ ನಿಮ್ಮಲ್ಲಿ ಜನ ಬಂದಾರಲ್ಲಾ, ನೀ ನೋಡೀದಿ. ಯಾವ್ದು ಛಲೋ?"

ಕೈಯಲ್ಲಿ ಪೈಪು ಹಿಡಿದು ನಿಂತೆ. ನೀರು ಹರಿದು ಹೋಗುತ್ತಿತ್ತು.

"ನಾ ಡ್ರೈವರ್ ಇದ್ದೀನವಾ. ಏಳನೆತ್ತೆ ಕಲಿತಾಂವಗ ಅದೆಲ್ಲಾ ಏನ ತಿಳೀತೈತಿ? ನೀವು ಕಲತವ್ರು, ನೀವ ನೋಡ್ರಿ."

ಯಾಕೆ ಹಾಗಂದೆ? ನಮ್ಮ ಕಡೆ ಮಕ್ಕಳಿಲ್ಲದ ತಂಗಿ ಅಣ್ಣನ ಮಗನನ್ನು ದತ್ತಕ ತೆಗೆದುಕೊಳ್ಳುವುದು ಇದೆ. ನನಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನು ಮಹಾವೀರ, ಆಗ ಐದನೇ ಇಯತ್ತೆಯಲ್ಲಿದ್ದ. ಪದ್ಮಾ ಇವತ್ತಲ್ಲ ನಾಳೆ ಅವನನ್ನೇ ಕೇಳುತ್ತಾಳೆ ಅಂತ ವರ್ಷಗಟ್ಟಲೆ ಒಳಗೊಳಗೇ ಆಸೆ ಕಟ್ಟಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಸಂಸ್ಥೆಯ ದಾರಿ ಹಿಡಿದು ಅವಳು ಎಡವಿದರೆ ಕೊನೆಗೆ ನನ್ನ ಬಾಗಿಲಿಗೇ ಬರಬೇಕು. ಇದು ನನ್ನ ಲೆಕ್ಕ. ಬೇರೆಯವರ ಮುಂದೆ ರಕ್ತ ಯಾರು ನೋಡ್ತಾರ್ರಿ, ಪ್ರೀತಿ ನೋಡ್ರಿ ಅಂತ ಭಾಷಣ ಮಾಡುತ್ತಿದ್ದವನು ನಾನೇ. ಕಡಿಮೆ ಓದಿದ್ದು ತಪ್ಪಲ್ಲ. ಆ ಓದನ್ನು ಅಡ್ಡ ಹಿಡಿದುಕೊಂಡು ಅದರ ಹಿಂದೆ ಅಡಗಿದ್ದು ತಪ್ಪು.

ಪದ್ಮಾ ಲಗೂ ಆಗುತ್ತದೆ ಅಂದವರನ್ನೇ ಹಿಡಿದಳು. ಒಂದು ಕೋಣೆಗೆ ಹಳದಿ ಬಣ್ಣ ಹಚ್ಚಿಸಿ, ಫೋನಿನಲ್ಲಿ ತೋರಿಸಿದಳು. ಅವರು ಈ ತಿಂಗಳು, ಬರುವ ತಿಂಗಳು ಅನ್ನುತ್ತ ವರ್ಷಗಳನ್ನು ತಳ್ಳಿದರು. ಕೊನೆಗೊಂದು ದಿನ ಅವರ ಪರವಾನಗಿಯೇ ನಿಂತುಹೋಯಿತು. ಗಂಡ ಹೆಂಡತಿಯ ವಯಸ್ಸು ಕೂಡಿಸಿ ನೋಡುವ ನಿಯಮದಲ್ಲಿ ಎಳೆಗೂಸು ಸಿಗುವ ಕಾಲ ಅವಳಿಗೆ ಮೀರಿಹೋಗಿತ್ತು. ಇನ್ನು ಮೊದಲಿನಿಂದ ಶುರು ಮಾಡಬೇಕು, ಅದೂ ದೊಡ್ಡ ಮಗುವಿಗೆ ಮಾತ್ರ. ಫೋನಿನಲ್ಲಿ ಅವಳ ದನಿ ಸಣ್ಣದಾಯಿತು. ಆ ಹಳದಿ ಕೋಣೆಯಲ್ಲಿ ಈಗ ಬಟ್ಟೆ ಒಣಗಿಸುತ್ತೇನೆ ಅಂದಳು.

ಆ ವರ್ಷ ಅವಳು ಅವ್ವನನ್ನು ನೋಡಲು ಊರಿಗೆ ಬಂದಾಗ ನಾನು ಮೆಲ್ಲಗೆ ಮಾತು ತೆಗೆದೆ. "ಯಾಕ ಇಷ್ಟ ತ್ರಾಸ ತಗೋತಿ ಪದ್ದಿ? ನಮ್ಮ ಮಹಾವೀರ ಇದ್ದಾನಲ್ಲ. ಅವನ್ನ ತಗೋ."

ಅವಳು ಅವರೇಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಅಣ್ಣಾ, ಅವಂಗ ಅವ್ವ ಅದಾಳಲ್ಲ," ಅಂದಳು.

ನನ್ನ ಹೆಂಡತಿ ಒಲೆಯ ಮುಂದಿದ್ದಳು. ಅವಳ ಮುಖದ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಅದಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡಿಸಿದವನು ಮತ್ತೆ ಬಸುವೇ.

ನನ್ನ ನೌಕರಿಯ ಕೊನೆಯ ದಿನಗಳು. ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಗಿತ್ತು. ಮೊದಲು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಗಾಡಿಯ ಟಾಯರು ಸವೆಯುತ್ತಿದ್ದವು. ಈಗ ಆದೇಶ ಕೊಡುವವರು ಜಿಲ್ಲಾಧಿಕಾರಿಗಳು. ಮೊದಲು ಟಪಾಲಿನಲ್ಲಿ ಫೋಟೋ ಬರುತ್ತಿತ್ತು. ಈಗ ಮಗು ತನ್ನ ಅಪ್ಪ ಅವ್ವನನ್ನು ಮೊದಲು ಪರದೆಯ ಮೇಲೆ ನೋಡಿ, ಅವರಿಗೆ ನಾಲಿಗೆ ಚಾಚಿ ತೋರಿಸಿರುತ್ತದೆ. ಯಾವ ಮಗು ಯಾವ ಮನೆಗೆ ಅನ್ನುವುದು ದಿಲ್ಲಿಯ ಕಂಪ್ಯೂಟರಿನಲ್ಲಿ ನಡೆಯುತ್ತದೆ. ವಶೀಲಿ ನಡೆಯುವುದಿಲ್ಲ, ಅದು ಒಳ್ಳೆಯದೇ ಆಯಿತು.

ಒಂದು ಮಧ್ಯಾಹ್ನ ಗೇಟಿನಲ್ಲಿ ಒಂದು ಕಾರು ನಿಂತಿತು. ಎತ್ತರದ ಹುಡುಗನೊಬ್ಬ ಇಳಿದ. ಹಿಂದೆ ನರೆಗೂದಲಿನ ಆ ಹೆಂಗಸು, ಅವಳ ಗಂಡ. ಹುಡುಗ ನೆಟ್ಟಗೆ ಗಾಡಿಯ ಹತ್ತಿರ ಬಂದು, ಬಾನೆಟ್ ಮೇಲೆ ಕೈಯಿಟ್ಟು, ನನ್ನನ್ನು ನೋಡಿ ನಕ್ಕ.

"ಕಾಕಾ, ಪೆಟ್ರೋಲ್ ಐತಿ?"

ಅವನಿಗೆ ಉಳಿದಿದ್ದ ಕನ್ನಡ ಹೆಚ್ಚುಕಡಿಮೆ ಅಷ್ಟೇ. ನಾನು ಗಂಡಸು ಅನ್ನುವುದನ್ನು ಮರೆತು ಅತ್ತೆ. ಅವನು ಅಲ್ಲಿ ನೂರಾರು ಹಸು ಸಾಕಿದ ಒಂದು ಫಾರ್ಮಿನಲ್ಲಿ ಟ್ರ್ಯಾಕ್ಟರ್ ಓಡಿಸುವುದನ್ನು ಕಲಿಯುತ್ತಿದ್ದನಂತೆ. ಬಾಯಾರು ಆಗಲೇ ನಿವೃತ್ತರಾಗಿ ಕರೋಶಿಯಲ್ಲಿದ್ದರು. ಅಲ್ಲಿಗೂ ಕರೆದುಕೊಂಡು ಹೋದೆ. ಬಾಗಿಲಲ್ಲೇ ಅವನ ಬಲಗಿವಿ ಹಿಡಿದು ಎಳೆದು, "ಎಷ್ಟ ಎತ್ತರ ಆಗೀಯೋ ಭಾಡ್ಯಾ!" ಅಂದರು. ಅವನ ಅವ್ವ ಆ ಬೈಗುಳವನ್ನೂ ಬಾಯಿಪಾಠ ಮಾಡಿಕೊಂಡಳು.

ಅವತ್ತು ಮನೆಗೆ ಬಂದು ಹೆಂಡತಿಯ ಮುಂದೆ, ಮಹಾವೀರನ ಮುಂದೆ ಎಲ್ಲ ಹೇಳಿಕೊಂಡೆ. ಮಹಾವೀರ ಆಗ ಸದಲಗಾದಲ್ಲಿ ಮೋಟರು ರಿಪೇರಿ ಅಂಗಡಿ ಹಾಕಿದ್ದ. ಕೇಳಿ ಹೊಟ್ಟೆ ಹಿಡಿದು ನಕ್ಕ. "ಅಪ್ಪಾ, ನನ್ನ ಕೆನಡಾಕ್ಕ ಕೊಡಾಂವ ನನಗೊಂದ ಮಾತ ಕೇಳಬೇಕಿತ್ತೋ ಬ್ಯಾಡೋ? ಅಲ್ಲಿ ಥಂಡಿಗೆ ನನ್ನ ಮೋಟರ್ ಬಂದ್ ಬೀಳ್ತಿತ್ತು!" ಹೆಂಡತಿ ನಗಲಿಲ್ಲ. "ಮೊದಲ ತಂಗಿಗೆ ಫೋನ್ ಮಾಡ್ರಿ," ಅಂದಳು.

ಮಾಡಿದೆ. ಎರಡನೇ ಸಂಸ್ಥೆಯನ್ನೇ ಹಿಡಿ ಅಂದೆ. ಬಸು ಬಂದುಹೋದ ಕಥೆ ಹೇಳಿದೆ. ಹೊಸಬರೇ, ನಿಮ್ಮನ್ನೂ ಜನ ಕೇಳುತ್ತಾರೆ, ಯಾವ ಸಂಸ್ಥೆ ಹಿಡಿಯೋಣ ಅಂತ. ನಾನು ಹೇಳಿದ್ದು ತಂಗಿಗೆ; ಹೊರಗಿನವರಿಗೆ ಹೆಸರು ಹೇಳುವುದು ನಿಮ್ಮ ಕೆಲಸವಲ್ಲ. ಒಪ್ಪಿಗೆ ಇರುವ ಸಂಸ್ಥೆಯೇ ಅನ್ನುವುದನ್ನು ದಿಲ್ಲಿಯವರಲ್ಲಿ ವಿಚಾರಿಸಲು ಹೇಳಿ. ಆಮೇಲೆ ನಾನು ಪದ್ಮಾಳಿಗೆ ಹೇಳಿದ್ದನ್ನೇ ಹೇಳಿ: "ಅವರು ಮೊದಲ ಕೆಟ್ಟದ್ದ ಹೇಳ್ತಾರೋ, ಬರೇ ಛಲೋದ ಹೇಳ್ತಾರೋ, ಅದನ್ನ ನೋಡವಾ. ಮಗು ಯಾರಂತ ಗೊತ್ತಾಗೂಕಿಂತ ಮೊದಲ ಇಷ್ಟ ದಿನದಾಗ ಕೊಡ್ತೀವಂದ್ರ ಓಡಿ ಬಾ. ಕೂಸಿನ ಮಾತು ನಮಗ ಯಾರು ಕಲಸ್ತೀರಿ ಅಂತ ಕೇಳು. ಮನಿಗೆ ತಂದ ಮ್ಯಾಲ ಅದು ಅಳಾಕ ಹತ್ತಿದ್ರ ಯಾರು ಫೋನ್ ಎತ್ತತೀರಿ ಅಂತ ಕೇಳು. ಅವರು ನಿನ್ನ ಹತ್ತ ಪ್ರಶ್ನೆ ಕೇಳಿದ್ರ ಸಿಟ್ಟಾಗಬ್ಯಾಡ. ಅದು ಕೂಸಿನ ಪರವಾಗಿ ಕೇಳೂದು."

"ಇಷ್ಟೆಲ್ಲಾ ಯಾವಾಗ ಕಲತಿ ಅಣ್ಣಾ?" ಅಂದಳು, ಹೆಮ್ಮೆಯಿಂದ.

ಆಗಲೂ ನಿಜ ಹೇಳಲಿಲ್ಲ. ಕೆಮ್ಮಿದೆ.

ಪ್ರಶ್ನೆಯವರು ಅವಳ ತಲೆ ತಿಂದರು. ಒಂದು ದಿನ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕೇಳಿದರಂತೆ. "ಕನ್ನಡ, ಇಂಗ್ಲಿಷ್ ಅಂತ ಹೇಳೀನಿ," ಅಂದಳು. ನಮ್ಮ ಗಡಿಯ ಊರುಗಳಲ್ಲಿ ಯಾರಾದರೂ ನಿಮ್ಮ ಭಾಷೆ ಯಾವುದು ಅಂತ ಕೇಳಲು ಬಂದರೆ ಜನ ಎದೆ ಸೆಟೆಸಿ ಒಂದನ್ನೇ ಹೇಳುತ್ತಾರೆ. ಒಳಗೆ ಅಡುಗೆಮನೆಯಲ್ಲಿ ಕನ್ನಡ, ಮರಾಠಿ ಎರಡೂ ಬೇಯುತ್ತಿರುತ್ತವೆ.

"ಪದ್ದಿ, ಸಂತ್ಯಾಗ ಬದನಿಕಾಯಿ ಚೌಕಾಶಿ ಯಾವ ಭಾಷಾದಾಗ ಮಾಡ್ತಿದ್ದಿ?"

"ಮರಾಠಿ."

"ಅಜಿತಗ ಬೈಯೂದು?"

"ಎರಡರಾಗೂ."

"ಹಂಗಾರ ಎರಡೂ ಹೇಳ. ಎಂಥಾ ಕೂಸು ಸಿಗ್ತೈತೋ ಯಾರಿಗೆ ಗೊತ್ತು. ಗಾಡ್ಯಾಗ ಮಾತ ತಿಳೀಲಾರದ ಕುಂತ ಮಕ್ಕಳನ್ನ ನಾ ನೋಡೀನಿ."

"ಮರಾಠಿ ಅಂತ ಬರಸಿದ್ದಕ್ಕ ಅಪ್ಪ ಇದ್ದಿದ್ರ ಇಬ್ಬರಿಗೂ ಬಡಿಗಿ ತಗೋತಿದ್ದ," ಅಂತ ನಕ್ಕಳು. ಆದರೆ ಹೇಳಿದಳು.

ಮರುವರ್ಷ ಫೋನು ಬಂತು. ಅವಳು ಮಾತಾಡುತ್ತಿರಲಿಲ್ಲ, ಹಾರುತ್ತಿದ್ದಳು. "ಅಣ್ಣಾ, ಏಳ ವರ್ಷದ ಹುಡುಗಿ! ಸೋನಿ ಅಂತ. ರಾತ್ರಿ ಹೆದರಿ ಏಳ್ತಾಳಂತ, ತಲಿದಿಂಬಿನ ಕೆಳಗ ರೊಟ್ಟಿ ಮುಚ್ಚಿ ಇಡ್ತಾಳಂತ, ಯಾರರ ಜೋರ ಮಾತಾಡಿದ್ರ ಮೂಲ್ಯಾಗ ಕುಂಡ್ರತಾಳಂತ. ಅಣ್ಣಾ, ಮೊದಲ ಕೆಟ್ಟದ್ದ ಹೇಳಿದ್ರು!"

ಹುಡುಗಿ ಇದ್ದದ್ದು ಗಡಿಯ ಆಚೆ, ಕೊಲ್ಹಾಪುರ ಕಡೆಯ ಒಂದು ಮನೆಯಲ್ಲಿ. ಅವಳಿಗೆ ಬರುತ್ತಿದ್ದದ್ದು ಮರಾಠಿ ಒಂದೇ. ಇಡೀ ದೇಶದಲ್ಲಿ ಎಲ್ಲಿಂದ ಬೇಕಾದರೂ ಮಗು ಬರಬಹುದಾಗಿತ್ತು. ನಮ್ಮ ಹೊಲದ ಬದುವಿನಾಚೆಯಿಂದ ಬಂದ ಹಾಗೆ ಬಂತು.

ಆದೇಶ ಆದ ಮೇಲೆ ಪದ್ಮಾ, ಅಜಿತ ಬಂದರು. ನಿವೃತ್ತನಾಗಿದ್ದ ನಾನು ಗೆಳೆಯನ ಕಾರು ಕೇಳಿ ತಂದೆ. ಎಷ್ಟೋ ಜನರ ಮಕ್ಕಳನ್ನು ತಂದಿದ್ದೇನೆ, ಕಳಿಸಿದ್ದೇನೆ. ಅವತ್ತು ಮಾತ್ರ ಒಂದನೇ ಗೇರಿನ ಬದಲು ಮೂರನೆಯದನ್ನು ಹಾಕಿ ಗಾಡಿ ಬಂದ್ ಬೀಳಿಸಿದೆ. ಸೋನಿ ಬಂದಳು. ಎರಡು ಜಡೆ, ಗಂಭೀರ ಮುಖ, ಎದೆಗೆ ಒತ್ತಿ ಹಿಡಿದ ಒಂದು ಚೀಲ. ಆ ಚೀಲವನ್ನು ಯಾರೂ ಮುಟ್ಟಬೇಡಿ ಅಂತ ನಾನು ಮೊದಲೇ ಎಲ್ಲರಿಗೂ ಕಣ್ಸನ್ನೆ ಮಾಡಿದ್ದೆ. ಪದ್ಮಾಳ ಪಕ್ಕ ಕೂತಳು. ಪಾಸ್‌ಪೋರ್ಟ್ ಬರುವವರೆಗೆ ಸದಲಗಾದಲ್ಲಿ ಅವ್ವನ ಹತ್ತಿರ ಇರುವುದು ಅಂತ ಹೊರಟೆವು.

ಕಾಗಲ್ ದಾಟಿದ ಮೇಲೆ ಸೋನಿ ಕಿಟಕಿಯ ಗಾಜಿಗೆ ಹೇಳುವವಳ ಹಾಗೆ ಮೆಲ್ಲಗೆ, "ಮಲಾ ಶೂ ಆಲೀ," ಅಂದಳು. ಒಂದಕ್ಕ ಬಂದಿದೆ ಅಂತ.

ಚಟದ ಪ್ರಕಾರ ನನ್ನ ಕತ್ತು ಹಿಂದಕ್ಕೆ ತಿರುಗಿತು. ಅರ್ಧಕ್ಕೆ ನಿಂತಿತು. ಹಿಂದಿನಿಂದ ಪದ್ಮಾಳ ದನಿ ಆಗಲೇ ಬಂದಿತ್ತು: "ಚಲ ಬಾಳಾ, ಮೀ ಯೇತೇ ತುಝ್ಯಾಬರೋಬರ." ಬಾ ಮಗಾ, ನಾನೂ ಬರುತ್ತೇನೆ ನಿನ್ನ ಜೊತೆ. ಹುಡುಗಿ ಮೊದಲ ಸಲ ಅವಳ ಮುಖವನ್ನು ಪೂರ್ತಿ ತಿರುಗಿ ನೋಡಿದಳು. ನಾನು ಹೇಳಿಕೊಡುವುದಕ್ಕೆ ಏನೂ ಉಳಿದಿರಲಿಲ್ಲ. ಅಷ್ಟು ವರ್ಷದ ನೌಕರಿಯಲ್ಲಿ ಅಂಥ ಸುಖದ ಸೋಲು ಬೇರೆ ಕಂಡಿಲ್ಲ.

ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮಾಡುವವರು. ಕೊಗನೊಳ್ಳಿ ಹತ್ತಿರ ಒಂದು ಖಾನಾವಳಿಯಲ್ಲಿ ನಿಲ್ಲಿಸಿದೆ. ಭಕ್ರಿ, ಅಂದರೆ ನಮ್ಮ ರೊಟ್ಟಿಯೇ, ಬಂತು. ಸೋನಿ ಅರ್ಧ ತಿಂದು, ಯಾರೂ ನೋಡುತ್ತಿಲ್ಲ ಅಂದುಕೊಂಡು ಉಳಿದರ್ಧವನ್ನು ಫ್ರಾಕಿನ ಜೇಬಿಗೆ ತುರುಕಿದಳು. ಪದ್ಮಾ ನೋಡಿದಳು. ತನ್ನ ತಾಟಿನ ಭಕ್ರಿ ಎತ್ತಿ ಅವಳ ಮುಂದೆ ಹಿಡಿದು, "ಹೇ ಪಣ ಠೇವ," ಅಂದಳು. ಇದನ್ನೂ ಇಟ್ಟುಕೋ. ಹುಡುಗಿಯ ತುಟಿಯ ಒಂದು ಬದಿ ಮೇಲೆದ್ದಿತು. ಆಮೇಲೆ ನನ್ನ ಕಡೆ ಬೆರಳು ಮಾಡಿ, ಇವರು ಯಾರು ಅಂತ ಕೇಳಿದಳು.

"ಹಾ ತುಝಾ ಮಾಮಾ," ಅಂದಳು ಪದ್ಮಾ.

ಅಜಿತ ಅವಳನ್ನು ಕೈ ತೊಳೆಸಲು ಕರೆದುಕೊಂಡು ಹೋದ. ಅವಳು ಅವನ ಒಂದು ಬೆರಳು ಹಿಡಿದಿದ್ದಳು. ಪದ್ಮಾ ಅದನ್ನೇ ನೋಡುತ್ತ, "ಮನಿಗೆ ಹೋಗಿ ಅವ್ವಾಗ ಹೇಳ್ತೀನಿ, ಇಕಿನ್ನ ನನಗ ತಂದು ಕೊಟ್ಟಾಂವ ನಮ್ಮ ಅಣ್ಣಾನ ಅಂತ. ನೀ ಆ ಸಂಸ್ಥಾ ತೋರಸದಿದ್ರ ನಾ ಎಲ್ಲಿ ಇರ್ತಿದ್ನಿ?" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿದ್ದನ್ನು ತಡೆಯಲಾಗಲಿಲ್ಲ. ಮುಂದಿನ ಮಾತನ್ನು ಬಾಯಿ ಬಿಟ್ಟು, ಪಕ್ಕದ ಬೆಂಚಿನವರಿಗೂ ಕೇಳುವ ಹಾಗೆ ಹೇಳಿದೆ.

"ಪದ್ದಿ, ಹಂಗ ಅನಬ್ಯಾಡ. ನೀ ಮೊದಲ ಕೇಳಿದ ದಿನಾನ ನನಗ ಗೊತ್ತಿತ್ತು. ಎರಡೂ ಗೊತ್ತಿತ್ತು, ಯಾವ್ದು ಛಲೋ, ಯಾವ್ದು ಖೊಟ್ಟಿ. ನನ್ನ ಮಗನ್ನ ತಗೋತಿ ಅನ್ನೂ ಆಸೇಕ ಸುಮ್ಮನ ಕುಂತ್ನಿ. ನಿನ್ನ ಹಳದಿ ಖೋಲಿ ಖಾಲಿ ಬಿದ್ದದ್ದು ನನ್ನಿಂದವಾ. ಇಕಿ ಸಿಕ್ಕಾಳಂತ ಆ ತಪ್ಪು ತಪ್ಪಲ್ಲದಂಗ ಆಗೂದಿಲ್ಲ. ತಪ್ಪಾತು, ತಂಗೀ. ನನ್ನ ಕ್ಷಮಾ ಮಾಡು."